ವೈದ್ಯರಿಗೆ ಹೇಳದ ಉಪವಾಸ

ರಮಝಾನ್ ಸಮೀಪಿಸುತ್ತಿದ್ದಂತೆ ಒಂದು ಸಂದೇಶ ಪ್ರತಿವರ್ಷವೂ ತಪ್ಪದೇ ನಮ್ಮ ಮೊಬೈಲ್‌ಗಳನ್ನು ತಲುಪುತ್ತದೆ. ಉಪವಾಸದಿಂದ ಸಕಲ ರೋಗಗಳೂ ಗುಣವಾಗುತ್ತವೆಂದು ಜಪಾನಿನ ವಿಜ್ಞಾನಿಯೊಬ್ಬರು ಸಾಬೀತುಪಡಿಸಿದ್ದಾರೆ, ಅದಕ್ಕಾಗಿಯೇ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿದೆ ಎಂಬುದು ಅದರ ಸಾರ. ಕಳುಹಿಸುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಸತ್ಯವೇನು? ಯೋಶಿನೊರಿ ಒಸುಮಿಯವರಿಗೆ 2016ರಲ್ಲಿ ವೈದ್ಯಕೀಯ ನೊಬೆಲ್ ದೊರೆತದ್ದು ನಿಜ. ಆದರೆ ಅವರು ಅಧ್ಯಯನ ನಡೆಸಿದ್ದು ಉಪವಾಸಿಗರ ಮೇಲಲ್ಲ, ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಯೀಸ್ಟ್‌ನ ಮೇಲೆ. ಪೋಷಕಾಂಶ ಸಿಗದಾಗ ಜೀವಕೋಶವು ತನ್ನದೇ ಸವೆದ ಭಾಗಗಳನ್ನು ಒಡೆದು ಮರುಬಳಕೆ ಮಾಡಿಕೊಳ್ಳುತ್ತದೆ. ಈ ಪ್ರಕ್ರಿಯೆಯನ್ನು ನಿಯಂತ್ರಿಸುವ ಜೀನ್‌ಗಳನ್ನು ಅವರು 1990ರ ದಶಕದಲ್ಲಿ ಗುರುತಿಸಿದರು. ಅದು ಮಹತ್ತರ ಸಂಶೋಧನೆ, ಅನುಮಾನವಿಲ್ಲ. ಆದರೆ ಅದರಲ್ಲಿ ರಮಝಾನ್ ಇಲ್ಲ, ಮಧುಮೇಹವಿಲ್ಲ, ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವ ಅರುವತ್ತರ ಹರೆಯದ ತಾಯಿಯೂ ಇಲ್ಲ.

ಅಷ್ಟಕ್ಕೂ, ನಮ್ಮ ಉಪವಾಸಕ್ಕೆ ಪ್ರಯೋಗಾಲಯದ ಪ್ರಮಾಣಪತ್ರ ಬೇಕೆಂದು ಯಾರು ಹೇಳಿದರು? ವಿಶ್ವಾಸಿಯು ಉಪವಾಸ ಆಚರಿಸುವುದು ಅಲ್ಲಾಹನ ಆಜ್ಞೆಯೆಂಬ ಕಾರಣಕ್ಕೆ. ವಿಜ್ಞಾನವು ಇಂದು ಹೊಗಳಿದ್ದನ್ನು ನಾಳೆ ತಿದ್ದುತ್ತದೆ. ದಿನದ ಎಂಟು ತಾಸುಗಳಲ್ಲಿ ಮಾತ್ರ ಊಟ ಮಾಡಿದರೆ ತೂಕ ವಿಶೇಷವಾಗಿ ಇಳಿಯುತ್ತದೆಂಬ ಮಾತು ಬಹಳ ಪ್ರಚಾರ ಪಡೆದಿತ್ತು. ಚೀನಾದಲ್ಲಿ 139 ಮಂದಿ ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು, ಅಷ್ಟೇ ಮಿತವಾಗಿ ಉಣ್ಣುವವರಿಗಿಂತ ಹೆಚ್ಚಿನ ಗಣನೀಯ ಲಾಭವೇನೂ ಇದರಿಂದ ಸಿಗದೆಂದು ತೋರಿಸಿತು. ಇದರಿಂದ ನಮ್ಮ ಉಪವಾಸಕ್ಕೇನಾದರೂ ಕುಂದು ಬಂತೇ?

ನಿಜವಾಗಿ, ಈ ಸಂದೇಶದ ಅಪಾಯ ಬೇರೆಯೇ ಇದೆ. ಅದನ್ನು ನಂಬಿ ಮಧುಮೇಹಿಯೊಬ್ಬರು ವೈದ್ಯರಿಗೆ ತಿಳಿಸದೆ ಉಪವಾಸ ಆರಂಭಿಸಿಬಿಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಈ ದೇಶದಲ್ಲಿ 10.1 ಕೋಟಿ ಮಂದಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ನಮ್ಮ ನಗರ-ಪಟ್ಟಣಗಳ ಮುಸ್ಲಿಮ್ ಕುಟುಂಬಗಳು ಇದರಿಂದ ಹೊರಗಿವೆಯೇ? ಶುಗರ್ ಮಾತ್ರೆಯ ಡಬ್ಬಿಯಿಲ್ಲದ ಮನೆ ಇಂದು ನಮ್ಮಲ್ಲಿ ಎಷ್ಟಿದೆ?

ಭಾರತವೂ ಸೇರಿ 13 ರಾಷ್ಟ್ರಗಳ ಹನ್ನೆರಡು ಸಾವಿರಕ್ಕೂ ಅಧಿಕ ಮುಸ್ಲಿಮ್ ಮಧುಮೇಹಿಗಳ ಬಗ್ಗೆ 2001ರಲ್ಲಿ ನಡೆದ ಅಧ್ಯಯನದ ವಿವರಗಳು 2004ರಲ್ಲಿ ಪ್ರಕಟವಾದವು. ಎರಡನೇ ವಿಧದ, ಅಂದರೆ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಬರುವ ಮಧುಮೇಹವಿರುವವರಲ್ಲಿ ಶೇ. 79ರಷ್ಟು ಮಂದಿ ಕನಿಷ್ಠ 15 ದಿನ ಉಪವಾಸ ಆಚರಿಸಿದ್ದರು. ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರಬೇಕಾದ ಪ್ರಸಂಗಗಳು ಅವರಲ್ಲಿ ಇತರ ತಿಂಗಳುಗಳಿಗಿಂತ ಏಳೂವರೆ ಪಟ್ಟು ಹೆಚ್ಚಿದ್ದವು. ಸಕ್ಕರೆ ವಿಪರೀತ ಏರಿದ ಪ್ರಸಂಗಗಳೂ ಸುಮಾರು ಐದು ಪಟ್ಟು ಏರಿದ್ದವು. ಇದರರ್ಥ ಮಧುಮೇಹಿಗಳೆಲ್ಲ ಉಪವಾಸ ಬಿಡಬೇಕೆಂದೇ? ಖಂಡಿತ ಅಲ್ಲ. ಆಹಾರ ಮತ್ತು ಸಾಧಾರಣ ಮಾತ್ರೆಗಳಲ್ಲೇ ಸಕ್ಕರೆ ಹತೋಟಿಯಲ್ಲಿರುವ ಬಹಳಷ್ಟು ಮಂದಿ ವೈದ್ಯರ ಮಾರ್ಗದರ್ಶನದಲ್ಲಿ ಸುರಕ್ಷಿತವಾಗಿ ಉಪವಾಸ ಆಚರಿಸಬಲ್ಲರು. ಯಾರು ಯಾವ ಗುಂಪಿನಲ್ಲಿದ್ದಾರೆ ಎಂದು ತಿಳಿಯದಿರುವುದೇ ಸಮಸ್ಯೆ.

ತಿಳಿಯದಿರಲು ಕಾರಣ ಮೌನ. ಕೇಳಿದರೆ ವೈದ್ಯರು ಬೇಡವೆನ್ನುತ್ತಾರೆ, ಆದ್ದರಿಂದ ಕೇಳುವುದೇ ಬೇಡ ಎಂಬುದು ಹಲವರ ತರ್ಕ. ಕೆಲವು ವೈದ್ಯರೂ ಎರಡು ಮಾತಿನಲ್ಲಿ ಉಪವಾಸವನ್ನು ತಳ್ಳಿಹಾಕಿ ಈ ತರ್ಕಕ್ಕೆ ನೀರೆರೆಯುತ್ತಾರೆ ಎಂಬುದನ್ನೂ ಹೇಳಬೇಕು. ಕೊನೆಗೆ ರೋಗಿ ತಾನೇ ವೈದ್ಯನಾಗುತ್ತಾನೆ. ಬೆಳಗಿನ ಮಾತ್ರೆಯನ್ನು ಸಹ್ರಿಗೆ ನುಂಗುತ್ತಾನೆ, ಇಲ್ಲವೇ ತಿಂಗಳಿಡೀ ಮಾತ್ರೆಯನ್ನೇ ಬಿಡುತ್ತಾನೆ. ಮೆಟ್‌ಫಾರ್ಮಿನ್ ಮಾತ್ರ ಸೇವಿಸುವವರಲ್ಲಿ ಸಕ್ಕರೆ ಕುಸಿಯುವ ಸಾಧ್ಯತೆ ಕಡಿಮೆ. ಆದರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಹೊಟ್ಟೆಯಲ್ಲಿ ಆಹಾರವಿದ್ದರೂ ಇಲ್ಲದಿದ್ದರೂ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಅದನ್ನು ಸಹ್ರಿಯಲ್ಲಿ ಪೂರ್ಣ ಪ್ರಮಾಣದಲ್ಲಿ ನುಂಗಿದವರಿಗೆ ಮಧ್ಯಾಹ್ನದ ಬಳಿಕ ಏನಾಗಬಹುದು? ಯಾವ ಔಷಧಿಯನ್ನು ಇಫ್ತಾರ್‌ಗೆ ವರ್ಗಾಯಿಸಬೇಕು, ಯಾವುದರ ಪ್ರಮಾಣವನ್ನು ಇಳಿಸಬೇಕು ಎಂಬುದು ಮೆಡಿಕಲ್ ಶಾಪಿನ ಹುಡುಗನಲ್ಲಿ ಕೇಳುವ ವಿಷಯವಲ್ಲ.

ಈ ಮೌನದ ಹಿಂದೆ ಲಜ್ಜೆಯೂ ಇದೆ. ಉಪವಾಸವಿಲ್ಲವೆಂದು ಹೇಳಿಕೊಳ್ಳುವುದು ಎಲ್ಲರಿಗಿಂತ ಹೆಚ್ಚು ಕಷ್ಟವಾಗುವುದು ಮನೆಯ ಹಿರಿಯ ಹೆಂಗಸಿಗೆ. ಸಹ್ರಿಗೆ ಎಲ್ಲರಿಗಿಂತ ಮೊದಲು ಏಳುವವಳು ಅವಳು, ಅಸರ್‌ನ ನಂತರ ಒಲೆಯ ಮುಂದೆ ನಿಂತು ಸಮೋಸ ಕರಿಯುವವಳೂ ಅವಳೇ. ಆ ಹೊತ್ತಿಗೆ ಕೈ ನಡುಗಿದರೆ, ಮೈ ಬೆವೆತರೆ, ಮಾತು ತಡವರಿಸಿದರೆ ಮನೆಯವರು ಅದನ್ನು ದಣಿವು ಎಂದುಕೊಳ್ಳುತ್ತಾರೆ. ಅದು ರಕ್ತದ ಸಕ್ಕರೆ ಕುಸಿಯುತ್ತಿರುವ ಲಕ್ಷಣ. ಮಗ್ರಿಬ್‌ಗೆ ಇನ್ನು ಇಪ್ಪತ್ತೇ ನಿಮಿಷವಿದೆ, ಸ್ವಲ್ಪ ತಡೆದುಕೋ ಎನ್ನುವುದು ಆಗ ಪುಣ್ಯದ ಮಾತಾಗುವುದಿಲ್ಲ. ಪ್ರಜ್ಞೆಯಿದ್ದರೆ ಮೂರು ಚಮಚ ಸಕ್ಕರೆ ಬೆರೆಸಿದ ನೀರನ್ನು ತಕ್ಷಣ ಕುಡಿಸಬೇಕು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಕುರ್‌ಆನ್ ಉಪವಾಸವನ್ನು ಕಡ್ಡಾಯಗೊಳಿಸಿದ ಸಂದರ್ಭದಲ್ಲೇ ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿಯನ್ನು ಘೋಷಿಸಿದೆ. ನಂತರದ ದಿನಗಳಲ್ಲಿ ಪೂರ್ತಿಗೊಳಿಸುವ ಅವಕಾಶವಿದೆ. ಗುಣವಾಗುವ ನಿರೀಕ್ಷೆಯಿಲ್ಲದವರಿಗೆ ದಿನಕ್ಕೊಬ್ಬ ಬಡವನಿಗೆ ಉಣಿಸುವ ಫಿದ್ಯಾ ಇದೆ. ಅಲ್ಲಾಹನು ಕೊಟ್ಟ ಈ ರಿಯಾಯಿತಿಯನ್ನು ಸ್ವೀಕರಿಸಲು ನಾವೇಕೆ ನಾಚಬೇಕು? ಅಬೂದಾವೂದ್ ಸಂಗ್ರಹದಲ್ಲಿರುವ ಒಂದು ಘಟನೆ ಇಲ್ಲಿ ಸ್ಮರಣೀಯ. ಪ್ರಯಾಣವೊಂದರಲ್ಲಿ ವ್ಯಕ್ತಿಯೊಬ್ಬರ ತಲೆಗೆ ಕಲ್ಲಿನಿಂದ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರಲ್ಲಿ ವಿಚಾರಿಸಿದರು. ನೀರಿರುವಾಗ ರಿಯಾಯಿತಿ ಇಲ್ಲವೆಂದು ಅವರು ಹೇಳಿಬಿಟ್ಟರು. ಸ್ನಾನ ಮಾಡಿದ ಗಾಯಾಳು ಮೃತಪಟ್ಟರು. ಸುದ್ದಿ ತಿಳಿದ ಪ್ರವಾದಿ(ಸ)ರು ಆ ಜೊತೆಗಾರರ ಬಗ್ಗೆ ಬಹಳ ಕಠಿಣವಾಗಿ ಮಾತಾಡಿದರು, ಆ ಸಾವಿನ ಹೊಣೆಯನ್ನು ಅವರ ಮೇಲೆಯೇ ಹೊರಿಸಿದರು. ತಿಳಿಯದಿದ್ದಾಗ ತಿಳಿದವರಲ್ಲಿ ಕೇಳಬೇಕಿತ್ತು ಎಂಬುದೇ ಅವರ ಆಕ್ಷೇಪದ ತಿರುಳು. ಗಾಯಾಳುವನ್ನಲ್ಲ, ಸಲಹೆ ಕೊಟ್ಟವರನ್ನು ಅವರು ತರಾಟೆಗೆ ತೆಗೆದುಕೊಂಡರು ಎಂಬುದನ್ನು ನಮ್ಮ ಮನೆಗಳ ಸಲಹೆಗಾರರು ಗಮನಿಸಬೇಕು.

ಇಂದು ಕೇಳಿ ತಿಳಿಯುವುದು ಕಷ್ಟವೂ ಅಲ್ಲ. ಇಸ್ಲಾಮೀ ಸಹಕಾರ ಸಂಘಟನೆಯ ಫಿಕ್ಹ್ ಅಕಾಡೆಮಿಯು 2009ರಲ್ಲಿ ಶಾರ್ಜಾದಲ್ಲಿ ಈ ವಿಷಯವನ್ನೇ ಚರ್ಚಿಸಿ, ಮಧುಮೇಹಿಗಳನ್ನು ಅಪಾಯದ ಮಟ್ಟಕ್ಕೆ ಅನುಗುಣವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಮೊದಲೆರಡು ವರ್ಗಗಳವರು ಉಪವಾಸ ಆಚರಿಸಬಾರದು ಎಂಬುದು ಅದರ ನಿಲುವು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು ರಮಝಾನ್‌ಗಾಗಿಯೇ 2016ರಲ್ಲಿ ಮಾರ್ಗದರ್ಶಿಯನ್ನು ಹೊರತಂದು 2021ರಲ್ಲಿ ಪರಿಷ್ಕರಿಸಿದೆ. ಇತ್ತೀಚಿನ ಮೂರು ತಿಂಗಳಲ್ಲಿ ಸಕ್ಕರೆ ತೀವ್ರವಾಗಿ ಕುಸಿದವರು, ಮೂತ್ರಪಿಂಡ ತೀರಾ ದುರ್ಬಲವಾದವರು, ಇನ್ಸುಲಿನ್ ಪಡೆಯುವ ಗರ್ಭಿಣಿಯರು ಅದರ ಪ್ರಕಾರ ಹೆಚ್ಚು ಅಪಾಯದಲ್ಲಿರುವವರು. ಉಪವಾಸದಲ್ಲಿರುವಾಗ ಸಕ್ಕರೆಯ ಮಟ್ಟ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಆ ದಿನದ ಉಪವಾಸವನ್ನು ಅಲ್ಲಿಗೇ ಮುರಿಯಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಬೆರಳು ಚುಚ್ಚಿ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ. ಈ ಒಂದು ಸಂಗತಿಯನ್ನು ಖತೀಬರು ಮಿಂಬರ್‌ನಿಂದ ಹೇಳಿದರೂ ಸಾಕು, ಮೂಲೆಯಲ್ಲಿ ಬಿದ್ದಿರುವ ಎಷ್ಟೋ ಗ್ಲುಕೋಮೀಟರ್‌ಗಳು ಹೊರಬರುತ್ತವೆ.

ಇನ್ನು ಇಫ್ತಾರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಗಲಿಡೀ ಹಸಿದವರ ಮುಂದೆ ಕರಿದ ತಿಂಡಿ, ಸಕ್ಕರೆಯ ಶರಬತ್ತು, ಬಿರಿಯಾನಿಗಳನ್ನು ಒಟ್ಟಿಗೆ ಹರವಿಟ್ಟರೆ ಉಪವಾಸದ ತಿಂಗಳು ಹೆಚ್ಚು ತಿನ್ನುವ ತಿಂಗಳಾಗಿ ಬಿಡುತ್ತದೆ. ಮಧುಮೇಹಿಗೆ ಒಂದೆರಡು ಖರ್ಜೂರ, ನೀರು, ತರಕಾರಿ, ಬೇಳೆ ಅಥವಾ ಮೀನು, ಮಿತವಾದ ಅನ್ನ ಸಾಕು. ಸಹ್ರಿಯನ್ನು ಬಿಡಬಾರದು, ಅದನ್ನು ಆದಷ್ಟು ತಡವಾಗಿ ಸೇವಿಸಬೇಕು. ತರಾವೀಹ್ ನಮಾಝನ್ನು ವೈದ್ಯರೂ ವ್ಯಾಯಾಮದ ಲೆಕ್ಕಕ್ಕೆ ಸೇರಿಸುತ್ತಾರೆ.

ನಮ್ಮ ಜಮಾಅತ್‌ಗಳು ರಮಝಾನ್‌ನಲ್ಲಿ ಇಫ್ತಾರ್ ಕೂಟಗಳಿಗೆ ಧಾರಾಳವಾಗಿ ಖರ್ಚು ಮಾಡುತ್ತವೆ. ಅದರ ಒಂದು ಪಾಲಿನಲ್ಲಿ ಮದ್ರಸ ಸಭಾಂಗಣದಲ್ಲಿ ಮಧುಮೇಹ ತಪಾಸಣೆಯನ್ನು ಏರ್ಪಡಿಸಬಹುದು. ಮಹಿಳೆಯರಿಗೆ ಪ್ರತ್ಯೇಕ ಸಮಯ ನಿಗದಿಪಡಿಸಬಹುದು. ಓರ್ವ ವೈದ್ಯರನ್ನೂ ಓರ್ವ ಉಲೆಮಾರನ್ನೂ ಅಕ್ಕಪಕ್ಕದಲ್ಲಿ ಕೂರಿಸಿದರೆ, ಯಾರು ಉಪವಾಸ ಹಿಡಿಯಬೇಕು, ಯಾರು ಫಿದ್ಯಾ ಕೊಡಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಆದರೆ ಇದನ್ನು ರಮಝಾನ್‌ನ ಚಂದ್ರ ಕಂಡ ಬಳಿಕ ಮಾಡಿ ಫಲವಿಲ್ಲ. ಔಷಧಿಯನ್ನು ಬದಲಿಸಿ ಹೊಂದಿಸಲು ಆರರಿಂದ ಎಂಟು ವಾರ ಬೇಕೆಂದು ತಜ್ಞರು ಹೇಳುತ್ತಾರೆ. ಅಂದರೆ ಮಸೀದಿಯ ಸೂಚನಾ ಫಲಕದಲ್ಲಿ ಇದರ ಪ್ರಕಟಣೆ ರಜಬ್ ತಿಂಗಳಲ್ಲೇ ಕಾಣಿಸಿಕೊಳ್ಳಬೇಕು.