ತೋಟದ ವಿಷಕ್ಕೆ ಧಿಕ್ಕಾರ, ಬಚ್ಚಲಿನ ವಿಷಕ್ಕೆ ಸತ್ಕಾರ

2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನ್ ನಿಷೇಧಿಸಿದಾಗ ಮಲೆನಾಡಿಗರಾದ ನಾವು ನೆಮ್ಮದಿಯ ಉಸಿರು ಬಿಟ್ಟೆವು. ಆದರೆ ತೋಟದಲ್ಲಿ ವಿರೋಧಿಸಿದ ವಿಷವನ್ನೇ ಇಂದು ಬಣ್ಣದ ಬಾಟಲಿಗಳಲ್ಲಿ ಹಣ ಕೊಟ್ಟು ಮನೆಯೊಳಕ್ಕೆ ಕರೆತರುತ್ತಿದ್ದೇವೆ.

ಶೌಚಾಲಯ ತೊಳೆಯುವ ಆಸಿಡ್ ಎಂಬುದು ಹೈಡ್ರೋಕ್ಲೋರಿಕ್ ಆಮ್ಲ. ಅದಕ್ಕೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. 1915ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸೈನಿಕರನ್ನು ಕೊಂದದ್ದು ಇದೇ ಅನಿಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದನ್ನು ಉಸಿರಾಡಬೇಕಾದವರು ನಮ್ಮ ತಾಯಂದಿರು. ಅಡುಗೆಮನೆಯ ಕಥೆಯೂ ಬೇರೆಯಲ್ಲ. ವಾಟೆಹುಳಿಯ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಿದರೆ ಲೋಹವೂ ಸಾರಿಗೆ ಇಳಿಯುತ್ತದೆ. ಕಲ್ಲುಮರಿಗೆ, ಮಡಕೆಗಳು ಮಾತ್ರ ಅಟ್ಟ ಸೇರಿವೆ.

ಪಾತ್ರೆಯ ಜಿಡ್ಡಿಗೆ ಒಲೆಯ ಬೂದಿ, ಸೀಗೆಪುಡಿ. ತಾಮ್ರದ ಕೊಡಕ್ಕೆ ಹುಣಸೆ. ಬಟ್ಟೆಗೆ ಅಂಟುವಾಳ ಸಾಕು. ಹಳೆಯದೆಂಬ ಮೋಹದಿಂದ ಹೇಳುವ ಮಾತಲ್ಲ ಇದು. ಬೂದಿಯ ಕ್ಷಾರವು ಜಿಡ್ಡನ್ನು ಬಿಡಿಸುತ್ತದೆ, ಅಂಟುವಾಳದ ಸಪೋನಿನ್ ಕೊಳೆಯನ್ನು ಎತ್ತುತ್ತದೆ, ಇದೂ ರಸಾಯನಶಾಸ್ತ್ರವೇ. ಹಾಗೆಂದು ನಿಸರ್ಗದ್ದೆಲ್ಲವೂ ನಿರಪಾಯಕಾರಿಯಲ್ಲ. ಸಪೋನಿನ್ ಮೀನಿಗೆ ಮಾರಕ. ಆ ನೀರನ್ನು ಹಳ್ಳಕ್ಕೆ ಹರಿಸದೆ ಬಾಳೆಯ ಬುಡಕ್ಕೆ ಬಿಡಬೇಕು. ರೋಗಿಯಿರುವ ಮನೆಗೆ ಕ್ರಿಮಿನಾಶಕ ಬೇಕಾದೀತು, ನಿತ್ಯದ ನೆಲಕ್ಕೆ ಬೇಡ.

ಶುದ್ಧಿಯೆಂದರೆ ಸುವಾಸನೆಯಲ್ಲ. ವಿದ್ಯಾರ್ಥಿಗಳೇ, ಬಾಟಲಿಯ ಮೇಲಿನ ಚಿಕ್ಕ ಅಕ್ಷರಗಳನ್ನು ಮನೆಯವರಿಗೆ ಓದಿ ಹೇಳಿರಿ. ಬಚ್ಚಲಿನ ನೀರು ಹಳ್ಳಕ್ಕೆ, ಹಳ್ಳದ ನೀರು ಹೊಳೆಗೆ ಸೇರುತ್ತದೆ. ಹೊಳೆ ಉಳಿಸಿರೆಂದು ಕೂಗುವ ಹಕ್ಕನ್ನು ನಾವು ಮೊದಲು ಬಚ್ಚಲಿನಲ್ಲಿ ಗಳಿಸಬೇಕು.