ಬಳ್ಳಾರಿ ಸೀಮೆಯ ನಳದ ನೀರು

ನೀರಿನ ಗುಣವನ್ನು ಕುರಿತು ನಮ್ಮ ಜನರು ಹೇಳುವ ದೂರುಗಳು ಸಾಮಾನ್ಯವಾಗಿ ಮೂರೇ: ಬೇಳೆ ಬೇಯಲಿಲ್ಲ, ಸಾಬೂನು ನೊರೆಯಾಗಲಿಲ್ಲ, ಹಂಡೆಯ ತಳಕ್ಕೆ ಸುಣ್ಣ ಕಟ್ಟಿತು. ಮಂಗಳೂರಿನಿಂದ ಬಳ್ಳಾರಿಗೆ ವರ್ಗವಾಗಿ ಬಂದ ಉಪಾಧ್ಯಾಯರ ಮನೆಯಲ್ಲಿ ಮೊದಲ ವಾರದಲ್ಲಿಯೇ ಈ ಮೂರು ದೂರುಗಳೂ ಹುಟ್ಟುವವು. ಅವರು ತುಂಬೆಯ ಅಣೆಕಟ್ಟಿನಿಂದ ಬರುವ ನೇತ್ರಾವತಿಯ ನೀರಿಗೆ ಒಗ್ಗಿದವರು. ಘಟ್ಟದ ಮಳೆಯ ನೀರು ಕಲ್ಲುಮಣ್ಣುಗಳಲ್ಲಿ ಬಹುಕಾಲ ತಂಗದೆ ಹರಿದು ಬರುವದರಿಂದ ಮೆದುವಾಗಿರುವದು. ಬಳ್ಳಾರಿಯ ಬೋರಿನ ನೀರಾದರೋ ವರ್ಷಾನುವರ್ಷ ಬಂಡೆಯ ಬಿರುಕುಗಳಲ್ಲಿ ನಿಂತು, ಅಲ್ಲಿಯ ಲವಣಗಳನ್ನು ಕರಗಿಸಿಕೊಂಡು ಮೇಲಕ್ಕೆ ಬರುವದು. ಈ ದೂರುಗಳು ಸುಳ್ಳಲ್ಲ. ಆದರೆ ಇವುಗಳಿಗಿಂತ ಗುರುತರವಾದ ದೂರೊಂದು ಯಾರ ಬಾಯಿಂದಲೂ ಹೊರಡದೆ ಉಳಿದಿರುವದು. ಅದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಗಡಸು ನೀರೆಂದರೆ ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್ಮಿನ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಅವುಗಳಲ್ಲಿ ಬೈಕಾರ್ಬೊನೇಟಿನ ರೂಪದಲ್ಲಿರುವ ಭಾಗವು ನೀರನ್ನು ಕುದಿಸಿದರೆ ತಳಕ್ಕಿಳಿಯುವದು; ಹಂಡೆಗೆ ಅಂಟುವ ಬಿಳಿಯ ಪದರು ಅದೇ. ಸಲ್ಫೇಟು, ಕ್ಲೋರೈಡುಗಳ ರೂಪದಲ್ಲಿರುವ ಭಾಗವು ಕುದಿಸಿದರೂ ಹೋಗದು. ಅದನ್ನು ಒಗೆಯುವ ನೀರಿನಲ್ಲಿ ಅಷ್ಟು ವಾಷಿಂಗ್ ಸೋಡಾ ಬೆರೆಸಿ ನಿವಾರಿಸಬಹುದು. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ನಿಯಮದಂತೆ, ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರತಕ್ಕದ್ದು; ಬೇರೆ ನೀರು ದೊರೆಯದ ಊರಲ್ಲಿ 600ರ ವರೆಗೆ ಸಹ್ಯ. ವಿಶ್ವ ಆರೋಗ್ಯ ಸಂಸ್ಥೆಯಾದರೋ ಆರೋಗ್ಯದ ದೃಷ್ಟಿಯಿಂದ ಗಡಸುತನಕ್ಕೆ ಮಿತಿಯನ್ನೇ ವಿಧಿಸಿಲ್ಲ. ಗಡಸು ನೀರು ಗೃಹಿಣಿಯ ಉರುವಲನ್ನೂ ಸಾಬೂನನ್ನೂ ತಾಳ್ಮೆಯನ್ನೂ ವೆಚ್ಚಮಾಡಿಸುವದು. ಇಷ್ಟೇ ಅದರ ಅಪರಾಧ. ಮಕ್ಕಳಿಗೆ ಆಗುವ ಹಾನಿಯು ಬೇರೆಡೆಯಿಂದ ಬರುವದು.

ಕುರುಗೋಡಿನ ಸುತ್ತಲಿನ ಕಲ್ಲುಗುಡ್ಡಗಳನ್ನು ನೋಡದವರಾರು? ಆ ಜಾತಿಯ ಗ್ರಾನೈಟ್ ಬಂಡೆಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳು ಇರುತ್ತವೆ. ಬೋರುಗಳು ಆಳವಾದಷ್ಟೂ ನೀರು ಆ ಬಂಡೆಯೊಡನೆ ಹೆಚ್ಚು ಕಾಲ ಕೂಡಿರುವದು. ಲೀಟರಿಗೆ 1.5 ಮಿಲಿಗ್ರಾಮ್ ಮೀರಿದ ಫ್ಲೋರೈಡು ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಮೊದಲು ಸುಣ್ಣದಂಥ ಬಿಳಿಯ ಮಚ್ಚೆಗಳನ್ನೂ ಬಳಿಕ ಕಂದು ಗೆರೆಗಳನ್ನೂ ಮೂಡಿಸುವದು. ಇನ್ನೂ ಹೆಚ್ಚಾದರೆ ವಯಸ್ಕರ ಎಲುಬು ಕೀಲುಗಳನ್ನು ಬಿಗಿದು ಬಾಗಿಸುವದು. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿದ್ದು 1937ರಲ್ಲಿ, ಬಳ್ಳಾರಿಯೂ ಸೇರಿದ್ದ ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಇಂದು ಕರ್ನಾಟಕದ ಫ್ಲೋರೈಡ್‌ಪೀಡಿತ ಜಿಲ್ಲೆಗಳ ಸಾಲಿನಲ್ಲಿ ಬಳ್ಳಾರಿಯ ಹೆಸರೂ ಇರುವದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಕ್ಯಾಲ್ಸಿಯಮ್ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡು ಅದರೊಡನೆ ಕೂಡಿ ತಳಕ್ಕಿಳಿಯುವ ಸಂಭವವುಂಟು; ಕ್ಯಾಲ್ಸಿಯಮ್ ಕಡಿಮೆಯಿದ್ದು ಸೋಡಿಯಮ್ ಹೆಚ್ಚಿರುವ ಮೆದು ನೀರಿನಲ್ಲಿಯೇ ಅದು ಧಾರಾಳವಾಗಿ ಕರಗಿ ನಿಲ್ಲುವದು. ಅಂದರೆ ಬೇಳೆ ಚೆನ್ನಾಗಿ ಬೇಯುವ ಬೋರಿನ ನೀರೇ ಮಗುವಿನ ಹಲ್ಲಿಗೆ ಮುಳುವಾಗಬಹುದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಅದು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಹೆಚ್ಚುವದು. ನಾಲಗೆಯ ಸಾಕ್ಷ್ಯವನ್ನೂ ಸಾಬೂನಿನ ಸಾಕ್ಷ್ಯವನ್ನೂ ನಂಬಿ ನೀರನ್ನು ಆರಿಸುವ ನಮ್ಮ ರೂಢಿಯು ಇಲ್ಲಿ ಪೂರ್ಣವಾಗಿ ಸೋಲುವದು.

ಸಿರುಗುಪ್ಪದ ಸಂಗತಿ ಬೇರೆ. ಅಲ್ಲಿ ಎರೆಭೂಮಿ, ಕಾಲುವೆಯ ನೀರು, ಭತ್ತದ ಗದ್ದೆ. ಮಿತಿಮೀರಿ ಹಾಯಿಸಿದ ನೀರಿನಿಂದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸಾವಿರಾರು ಎಕರೆ ಭೂಮಿಗೆ ಸವಳು ಜವಳು ತಗಲಿರುವದು ಎಲ್ಲರೂ ಬಲ್ಲ ವಿಷಯ. ಭೂಮಿಗೇರಿದ ಸವಳು ಬಾವಿಗೂ ಇಳಿಯುವದು. ಗದ್ದೆಗೆ ಸುರಿದ ಯೂರಿಯಾದ ಒಂದಂಶವು ನೈಟ್ರೇಟಾಗಿ ಅದರ ಬೆನ್ನು ಹತ್ತುವದು. ಲೀಟರಿಗೆ 45 ಮಿಲಿಗ್ರಾಮ್ ಮೀರಿದ ನೈಟ್ರೇಟುಳ್ಳ ನೀರಿನಲ್ಲಿ ಹಾಲಿನ ಪುಡಿಯನ್ನು ಕದಡಿ ಕುಡಿಸಿದರೆ, ಆರು ತಿಂಗಳೊಳಗಿನ ಶಿಶುವಿನ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುವ ಭಯವಿರುವದು. ಈ ವಿಷವೂ ಕಣ್ಣಿಗೆ ಕಾಣದು.

ಹಾಗಾದರೆ ನದಿಯ ನೀರು ಇರುವಾಗ ಬೋರಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಬಳ್ಳಾರಿ ನಗರಕ್ಕೆ ತುಂಗಭದ್ರೆಯ ಕಾಲುವೆಗಳ ನೀರು ಅಲ್ಲೀಪುರ, ಮೋಕಾಗಳ ಕೆರೆಗಳನ್ನು ತುಂಬಿ, ಅಲ್ಲಿಂದ ನಳಗಳಿಗೆ ಬರುವದು. ಅದು ಬೋರಿನ ನೀರಿಗಿಂತ ಮೆದುವೂ ಹೌದು, ಫ್ಲೋರೈಡಿನ ಭಯ ಕಡಿಮೆಯುಳ್ಳದ್ದೂ ಹೌದು. ಆದರೆ ಬೇಸಗೆಯಲ್ಲಿ ಕಾಲುವೆಗಳು ನಿಲ್ಲುವವು. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಹಿಡಿಸುತ್ತಿದ್ದ ಜಲಾಶಯವು ಹೂಳಿನಿಂದ ಸುಮಾರು 105ಕ್ಕೆ ಇಳಿದಿರುವದು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಇಡೀ ಸೀಮೆಯ ಎದೆ ನಡುಗಿದ್ದು ಸುಮ್ಮನಲ್ಲ. ನಳವು ಹಲವು ದಿನಗಳಿಗೊಮ್ಮೆ ಬರುವ ಊರಲ್ಲಿ ಗೃಹಸ್ಥನು ತೊಟ್ಟಿಯಲ್ಲಿ ಉಳಿದ ನದಿಯ ನೀರಿಗೆ ಬೋರಿನ ನೀರನ್ನು ಬೆರೆಸುವನು. ಮುನಿಸಿಪಾಲಿಟಿಯು ಕಳುಹಿಸಿದ ನೀರು ಒಂದು, ಮಗು ಕುಡಿದ ನೀರು ಇನ್ನೊಂದು.

ಇದಲ್ಲದೆ, ದಿನಗಟ್ಟಲೆ ಬರಿದಾಗಿರುವ ಕೊಳವೆಯು ತನ್ನ ಬಿರುಕುಗಳಿಂದ ಪಕ್ಕದ ಚರಂಡಿಯ ಹೊಲಸನ್ನು ಒಳಕ್ಕೆ ಎಳೆದುಕೊಳ್ಳುವದು. 2022ರಲ್ಲಿ ನೆರೆಯ ರಾಯಚೂರು ನಗರದಲ್ಲಿ ಕಲುಷಿತವಾದ ನಳದ ನೀರನ್ನು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಕ್ಲೋರಿನ್ನಿನ ಅಂಶವು ಕೊನೆಯ ಮನೆಯ ನಳದಲ್ಲಿಯೂ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಉಳಿದಿರಬೇಕೆಂಬ ನಿಯಮವು ಇರುವದು ಇದಕ್ಕಾಗಿಯೇ.

ಉಳ್ಳವರು ಮನೆಯಲ್ಲಿ ಆರ್.ಓ. ಯಂತ್ರವನ್ನು ಹೂಡಿ ನಿಶ್ಚಿಂತರಾಗಿರುವರು. ಇಲ್ಲದವರು ಬೀದಿಯ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲುವರು. ಫ್ಲೋರೈಡ್ ಉಳ್ಳ ಊರಿಗೆ ಆ ಯಂತ್ರವು ಉಪಕಾರಿಯೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಗಡಸುತನದ ಭಯದಿಂದಲೇ ಅದನ್ನು ಕೊಳ್ಳುವವನು, ನೀರಿಲ್ಲದ ಸೀಮೆಯಲ್ಲಿ ಬಹುಪಾಲು ನೀರನ್ನು ಚರಂಡಿಗೆ ಚೆಲ್ಲಿ, ದೇಹಕ್ಕೆ ಹಿತವಾದ ಲವಣಗಳನ್ನೂ ತೆಗೆದುಹಾಕಿ, ಇಲ್ಲದ ರೋಗಕ್ಕೆ ಔಷಧ ಕೊಂಡಂತಾಗುವದು. ತನ್ನ ನೀರಿನಲ್ಲಿ ಏನಿದೆಯೆಂದು ತಿಳಿಯದೆ ಮಾಡುವ ಖರ್ಚಿನ ಗತಿಯೇ ಹೀಗೆ.

ಆದುದರಿಂದ ನಮ್ಮ ಬೇಡಿಕೆಯು ಸಣ್ಣದು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಪ್ರತಿಯೊಂದು ವಾರ್ಡಿನ ನಳದ ನೀರನ್ನೂ ಸಾರ್ವಜನಿಕ ಬೋರಿನ ನೀರನ್ನೂ ತಿಂಗಳಿಗೊಮ್ಮೆ ಪರೀಕ್ಷಿಸಿ, ಗಡಸುತನ, ಫ್ಲೋರೈಡು, ನೈಟ್ರೇಟು, ಉಳಿದ ಕ್ಲೋರಿನ್ನು ಎಂಬ ನಾಲ್ಕು ಅಂಕೆಗಳನ್ನು, ಅವುಗಳ ಪಕ್ಕದಲ್ಲಿ ಮಿತಿಯ ಅಂಕೆಗಳನ್ನು, ಕೆಳಗೆ ಪರೀಕ್ಷೆಯ ತಾರೀಖನ್ನು ತಿಳಿಗನ್ನಡದಲ್ಲಿ ಬರೆದು ನೀರು ತುಂಬುವ ಸ್ಥಳದಲ್ಲಿಯೇ ಹಲಗೆ ಹಾಕತಕ್ಕದ್ದು. ಇದಕ್ಕೆ ಹೊಸ ಯೋಜನೆ ಬೇಡ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಗೆ ಐವರು ಸ್ತ್ರೀಯರನ್ನು ನೀರಿನ ಪರೀಕ್ಷೆಗೆ ಸಿದ್ಧಗೊಳಿಸಬೇಕೆಂದು ವಿಧಿಸಿರುವದು. ಪರೀಕ್ಷೆಯ ಪೆಟ್ಟಿಗೆಯು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಹಳ್ಳಿಯ ಸ್ತ್ರೀಯರು ಮಾಡಬಲ್ಲ ಕೆಲಸವನ್ನು ಪಟ್ಟಣದ ಹೈಸ್ಕೂಲು ಮಾಡಲಾರದೇ?

ಅಂಕೆಗಳನ್ನು ಪ್ರಕಟಿಸಿದರೆ ಜನರು ಗಾಬರಿಗೊಳ್ಳುವರೆಂದು ಅಧಿಕಾರಿಗಳು ಹೇಳಬಹುದು. ತಿಳಿದವನು ಕುಡಿಯುವದಕ್ಕೆ ಒಂದು ಕೊಡ, ಬಳಸುವದಕ್ಕೆ ಒಂದು ಕೊಡವೆಂದು ಬೇರೆಮಾಡಿ ಇಡುವನು. ತಿಳಿಯದವನ ಮಗುವಿನ ಹಲ್ಲು ಕೆಡುವದು. ಒಮ್ಮೆ ಕೆಟ್ಟ ಮೇಲೆ ಆ ಕಲೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಈ ಎರಡರಲ್ಲಿ ಯಾವ ಗಾಬರಿಯು ಮೇಲೆಂಬದನ್ನು ಅಧಿಕಾರಿಗಳೇ ಹೇಳಲಿ.

ಒಂದು ಕಾಲಕ್ಕೆ ತುಂಗಭದ್ರೆಯು ಮದ್ರಾಸ್ ಪ್ರಾಂತಕ್ಕೂ ನಿಜಾಮ ಸಂಸ್ಥಾನಕ್ಕೂ ನಡುವಣ ಗಡಿಯಾಗಿ ಹರಿಯುತ್ತಿತ್ತು. ಎರಡು ದಡಗಳಲ್ಲಿಯೂ ಕನ್ನಡಿಗರೇ ಇದ್ದರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯೂ, 1956ರ ನವೆಂಬರ್ 1ರಂದು ಆಚೆಯ ದಡದ ರಾಯಚೂರು ಸೀಮೆಯೂ ಕನ್ನಡನಾಡಿಗೆ ಸೇರಿದವು. ಅಂದು ಹಳ್ಳಿಹಳ್ಳಿಗೂ ಏಕೀಕರಣದ ಮಾತನ್ನು ಒಯ್ದವರಲ್ಲಿ ಉಪಾಧ್ಯಾಯರು ಹಿಂದುಳಿದವರಾಗಿರಲಿಲ್ಲ. ಇಂದಿನ ಉಪಾಧ್ಯಾಯಬಂಧುಗಳಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಬರುವ ಬೇಸಗೆಯಲ್ಲಿ ಕಾಲುವೆಗಳು ನಿಲ್ಲುವ ಮುಂಚೆ ತಮ್ಮ ಶಾಲೆಯ ನಳದ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಆ ನಾಲ್ಕು ಅಂಕೆಗಳನ್ನು ತರಗತಿಯ ಕರಿಹಲಗೆಯ ಮೇಲೆ ಬರೆಯಲಿ. ಮಕ್ಕಳು ಅವನ್ನು ಮನೆಗೆ ಒಯ್ಯುವರು. ಮರುದಿನ ಮುನಿಸಿಪಾಲಿಟಿಯ ಬಾಗಿಲಲ್ಲಿ ತಂದೆತಾಯಿಗಳು ನಿಂತು ತಮ್ಮ ಬೀದಿಯ ಅಂಕೆಗಳನ್ನು ಕೇಳುವರು.