ಕಾಲಿನ ನೀಲಿ ಗಂಟುಗಳು

ವಿಜಯಪುರದ ಪೇಟೆಯಲ್ಲಿ ಇಳಕಲ್ ಸೀರೆಗಳನ್ನು ಬಿಡಿಸಿ ತೋರಿಸುವ ಗುಮಾಸ್ತನು ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುತ್ತಾನೆ. ತಿಕೋಟಾದ ದ್ರಾಕ್ಷಿ ಚಪ್ಪರದಡಿ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟ್ನಿ ನಡೆಯುವಾಗ ಆಳುಗಳು ಕೈ ಮೇಲೆತ್ತಿಕೊಂಡು ನಿಂತಲ್ಲೇ ಹೊತ್ತು ಕಳೆಯುತ್ತಾರೆ. ಬಬಲೇಶ್ವರದ ಹೋಟೆಲಿನಲ್ಲಿ ಬಾಣಲೆಯ ಮುಂದೆ ಭಜಿ ಕರಿಯುವವನದೂ ಅದೇ ಪಾಡು. ಸಂಜೆಗೆ ಕಾಲು ಭಾರವಾಗುವುದು, ಪಾದ ಬಾತು ಚಪ್ಪಲಿಯ ಪಟ್ಟಿ ಬಿಗಿಯಾಗುವುದು, ವರ್ಷಗಳು ಕಳೆದಂತೆ ಮೀನಖಂಡದ ಮೇಲೆ ನೀಲಿ ಹುರಿಯೊಂದು ಮೂಡುವುದು, ಇವನ್ನೆಲ್ಲ ಜನರು ‘ನರ ಉಬ್ಬಿದೆ’ ಎಂದು ಹೇಳಿ ಸುಮ್ಮನಾಗುತ್ತಾರೆ. ಉಬ್ಬಿದುದು ನರವಲ್ಲ, ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ.

ದ್ರಾಕ್ಷಿ ಬೆಳೆಗಾರರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಬಾವಿಯ ಪಂಪಿನ ಕೊಳವೆಯ ತಳದಲ್ಲಿ ಫುಟ್‌ವಾಲ್ವ್ ಇರುತ್ತದೆಯಷ್ಟೆ. ಅದು ಕೆಟ್ಟರೆ ಮೇಲೇರಿದ ನೀರು ಮತ್ತೆ ಬಾವಿಗಿಳಿಯುತ್ತದೆ. ಕಾಲಿನ ಅಭಿಧಮನಿಗಳಲ್ಲಿಯೂ ಅಂಥ ಪುಟ್ಟ ಕವಾಟಗಳ ಸಾಲು ಇದೆ. ಅವುಗಳ ಕೆಲಸವನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ಸ್ಪಷ್ಟಪಡಿಸಿದನು. ಇಲ್ಲಿ ಪಂಪು ಯಾವುದು? ಮೀನಖಂಡದ ಸ್ನಾಯು. ನಡೆದಾಗ ಅದು ಬಿಗಿದು ರಕ್ತವನ್ನು ಮೇಲಕ್ಕೆ ಹಿಂಡುತ್ತದೆ. ಅಲುಗದೆ ನಿಂತರೆ ಪಂಪು ನಿಂತಂತೆಯೇ. ಕೆಳಗೆ ತುಂಬಿದ ರಕ್ತದ ಒತ್ತಡಕ್ಕೆ ನಾಳ ಹಿಗ್ಗುತ್ತದೆ, ಕವಾಟದ ಬಾಗಿಲುಗಳು ಒಂದನ್ನೊಂದು ಮುಟ್ಟದಂತಾಗುತ್ತವೆ.

ಆದುದರಿಂದ ನಿಂತು ದುಡಿಯುವವರು ಆಗಾಗ ನಾಲ್ಕು ಹೆಜ್ಜೆ ಅಡ್ಡಾಡಬೇಕು. ಗಿರಾಕಿಯ ಮುಂದೆ ಅದಾಗದಿದ್ದರೆ ನಿಂತಲ್ಲೇ ಹಿಮ್ಮಡಿಗಳನ್ನೆತ್ತಿ ಇಳಿಸಬಹುದು, ಯಾರೂ ಕಾಣರು! ಮನೆಗೆ ಬಂದ ಮೇಲೆ ಕಾಲುಗಳನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕಿಟ್ಟು ಕಾಲು ಗಂಟೆ ಮಲಗುವುದು ಲೇಸು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ದಿನವೆಲ್ಲ ಕೂರುವ ಕಚೇರಿಯವರೂ ಈ ಮಾತಿಗೆ ಹೊರತಲ್ಲ. ಮೈಭಾರ ಹೆಚ್ಚದಿರಲಿ. ನೋವೆಂದು ಮೊಣಕಾಲ ಕೆಳಗೆ ಬಟ್ಟೆ ಬಿಗಿಯುವುದು ಸಲ್ಲದು. ವೈದ್ಯರು ಹೇಳಿದ ಬಿಗಿ ಕಾಲುಚೀಲದ ವಿಷಯ ಬೇರೆ. ಅದನ್ನು ಬೆಳಿಗ್ಗೆ ಹಾಸಿಗೆ ಬಿಟ್ಟೇಳುವ ಮೊದಲೇ ತೊಡಬೇಕು. ವಂಶದಿಂದ ಬಂದುದನ್ನೂ ಬಸಿರಿನಲ್ಲಿ ಕಾಣಿಸಿಕೊಳ್ಳುವುದನ್ನೂ ಈ ರೂಢಿಗಳು ಪೂರ್ತಿ ತಡೆಯಲಾರವು. ಬಾವನ್ನೂ ಬೇನೆಯನ್ನೂ ತಗ್ಗಿಸಿಯಾವು.

ಅಂಗಡಿಯ ನೌಕರರಿಗೆ ಕುಳಿತುಕೊಳ್ಳುವ ಸೌಕರ್ಯವನ್ನು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಕಾನೂನಿನಿಂದಲೇ ಕೊಡಿಸಿದವು. ಒಂದು ಸ್ಟೂಲಿನ ಬೆಲೆ ಒಂದು ಒಳ್ಳೆಯ ಇಳಕಲ್ ಸೀರೆಯ ಬೆಲೆಗಿಂತ ಕಡಿಮೆಯೆಂಬುದನ್ನು ಧಣಿಗಳು ಬಲ್ಲರು.

ಒಂದೇ ಕಾಲು ಥಟ್ಟನೆ ಬಾತು, ಬಿಸಿಯಾಗಿ ನೋಯತೊಡಗಿದರೆ ಎಣ್ಣೆ ತಿಕ್ಕಬಾರದು. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಡಮಾಡದೆ ವೈದ್ಯರನ್ನು ಕಾಣಬೇಕು. ಉಬ್ಬಿದ ನಾಳ ಒಡೆದು ರಕ್ತ ಸುರಿದರೆ ಕೂಡಲೆ ಮಲಗಿ, ಕಾಲನ್ನು ಮೇಲೆತ್ತಿ, ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು.